ಗ್ರೀನಿಚ್ಚಿನ ರಾಹುಕಾಲ

ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ಅನ್ನದಲ್ಲಿ ಕಲ್ಲು ಸಿಕ್ಕರೆ ಮರ್ಯಾದಸ್ಥರು ಅದನ್ನು ಮೆಲ್ಲಗೆ ತೆಗೆದು ಎಲೆಯ ಅಂಚಿಗಿಟ್ಟು, ಮೇಲೊಂದು ಕರಿಬೇವಿನೆಲೆ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಊಟ ಮುಂದುವರಿಸುತ್ತಾರೆ. ನಾನು ಆ ಪೈಕಿಯವಳಲ್ಲ. ನನಗೆ ಕಲ್ಲು ಸಿಕ್ಕರೆ ಎಡಗಡೆಯವರಿಗೆ ತೋರಿಸಬೇಕು, ಬಲಗಡೆಯವರಿಗೆ ತೋರಿಸಬೇಕು, ಬಡಿಸುವವರನ್ನು ಕರೆದು ತೋರಿಸಬೇಕು, ಅಡುಗೆಯವರ ಮುಖ ನೋಡದೆ ಕೈ ತೊಳೆಯಬಾರದು. ಮದುವೆಯಾದ ಹೊಸದರಲ್ಲಿ ದೊಡ್ಡೇರಿಯ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದಾಗ ಸಾರಿಗೆ ಉಪ್ಪೇ ಹಾಕಿಲ್ಲ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ. 'ನಾಗರಾಜನ ಹೆಂಡ್ತಿ ಬಲು ಜೋರು' ಎಂದು ಅವತ್ತೇ ನೆಂಟರಿಷ್ಟರಲ್ಲಿ ತೀರ್ಮಾನವಾಗಿಹೋಯಿತು. ನಾನು ಬಾಯಿಬಿಟ್ಟ ಮೇಲೆ ಇಡೀ ಪಂಕ್ತಿ ಉಪ್ಪು ಕೇಳಿತೆಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿಲ್ಲ. ನಾನು ಇಟ್ಟುಕೊಂಡಿದ್ದೇನೆ.

ನನ್ನ ಹೊಟ್ಟೆಪಾಡೂ ಹೆಚ್ಚುಕಡಿಮೆ ಇದೇ. ಮಧುಗಿರಿಯಿಂದ ದಿನಾ ಬಸ್ಸು ಹತ್ತಿ ಕೊರಟಗೆರೆಗೆ ಹೋಗಿ, ಅಲ್ಲಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಅತಿಥಿ ಉಪನ್ಯಾಸಕಿ ನಾನು. ಅತಿಥಿ ಎಂದಾಕ್ಷಣ ಕಾಫಿ ಕೊಟ್ಟು ಕೂರಿಸುತ್ತಾರೆಂದು ತಿಳಿಯಬೇಡಿ. ಎಲ್ಲರಿಗಿಂತ ಹೆಚ್ಚು ಪಾಠ ನನ್ನದು, ಎಲ್ಲರಿಗಿಂತ ಮುರುಕಲು ಕುರ್ಚಿಯೂ ನನ್ನದು. ಪ್ರೋಗ್ರಾಮು ಬರೆಯುವುದು ದೊಡ್ಡದಲ್ಲ, ಅದರಲ್ಲಿನ ತಪ್ಪನ್ನು, ಅಂದರೆ ಬಗ್ಗನ್ನು, ಹುಡುಕುವುದೇ ದೊಡ್ಡದು ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೆ ಎಲ್ಲಿ ನೋಡಿದರೂ ಬಗ್ಗೇ ಕಾಣುತ್ತದೆ. ನಾನು ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಒಂದು ಸೀಟು ಮುಂದಕ್ಕೆ ಜಾರುತ್ತದೆ. ಬ್ರೇಕ್ ಹಾಕಿದಾಗಲೆಲ್ಲ ಕೂತವರು ಮುಂದಿನವರ ಬೆನ್ನಿಗೆ ಹಣೆ ಹಚ್ಚಿ ಬರಬೇಕು. ಇದೇನಪ್ಪ ಎಂದು ಕಂಡಕ್ಟರನ್ನು ಕೇಳಿದರೆ, ಅದು ಮೊದಲಿಂದಲೂ ಅಂಗೇ ಮೇಡಂ ಎಂದ. ಮೊದಲಿಂದ ಇದ್ದದ್ದು ತಪ್ಪಾಗುವುದು ಹೆಂಗೆ ಎಂಬುದು ಅವನ ಧಾಟಿ. ನನಗೆ ಮೈಯೆಲ್ಲ ಉರಿದುಹೋಯಿತು.

ಇರಲಿ, ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮತ್ತೆ ಗೌರಮ್ಮನವರಿಗೆ ಕಣ್ಣಿನ ಪೊರೆ ತೆಗೆಸಿದೆವು. ಕಣ್ಣಿಗೆ ತ್ರಾಸ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಅವರು ಕಪ್ಪು ಕನ್ನಡಕ ಹಾಕಿಕೊಂಡು ನಡುಮನೆಯ ಕುರ್ಚಿಯಲ್ಲಿ ಕೂತುಬಿಟ್ಟರು. ಕಣ್ಣಿಗೆ ವಿಶ್ರಾಂತಿ, ಸರಿ. ಬಾಯಿಗೆ ಇಲ್ಲವಲ್ಲ. ಅತ್ತೆ ರಾಹುಕಾಲದಲ್ಲಿ ಯಾವ ಕೆಲಸವನ್ನೂ ಶುರು ಮಾಡುವವರಲ್ಲ. ಹಿಟ್ಟು ರುಬ್ಬುವುದಕ್ಕೆ ಹಾಕುವುದೂ ಅದಕ್ಕೆ ಮೊದಲೇ ಆಗಬೇಕು, ಇಲ್ಲ ಆಮೇಲೆ ಆಗಬೇಕು. ಯಾವ ವಾರ ಎಷ್ಟು ಹೊತ್ತಿಗೆ ರಾಹುಕಾಲ ಎಂಬುದು ಅವರಿಗೆ ಬಾಯಿಪಾಠ. ಆದರೆ ಗಡಿಯಾರ ಕಾಣಬೇಕಲ್ಲ! ಹೀಗಾಗಿ ಘಳಿಗೆಗೊಮ್ಮೆ 'ಟೈಮೆಷ್ಟಾಯ್ತವ್ವ ಸುಜಾತ' ಎಂಬ ಕೂಗು. ಹೇಳಿ ಅಡುಗೆಮನೆಗೆ ಹೋಗುವಷ್ಟರಲ್ಲಿ ಇನ್ನೊಂದು ಕೂಗು. ತಡೆಯಲಾರದೆ ನಾನು ಒಂದು ಪ್ರೋಗ್ರಾಮು ಬರೆದು, ಹಳೆಯ ಫೋನಿನೊಳಕ್ಕೆ ಹಾಕಿ, ಫ್ರಿಜ್ಜಿನ ತಲೆಯ ಮೇಲೆ ಕೂರಿಸಿದೆ. ಸಮಯಕ್ಕೆ ಸರಿಯಾಗಿ ಅದು ನನ್ನದೇ ದನಿಯಲ್ಲಿ 'ರಾಹುಕಾಲ ಬಂತು' ಅನ್ನುತ್ತಿತ್ತು, ಮುಗಿದಾಗ 'ರಾಹುಕಾಲ ಹೋಯ್ತು' ಅನ್ನುತ್ತಿತ್ತು. ಅತ್ತೆಗೆ ಪರಮಾನಂದ. ಸೊಸೆ ಹೇಳಿದ್ದನ್ನು ಎಂದೂ ಕೇಳದವರು ಸೊಸೆಯ ದನಿಯಲ್ಲಿ ಫೋನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸತೊಡಗಿದರು.

ಇಲ್ಲೊಂದು ಸ್ವಲ್ಪ ತಾಂತ್ರಿಕ ಮಾತು ಹೇಳಬೇಕು, ಓದುಗರು ಎದ್ದು ಹೋಗಬಾರದು. ಪ್ರೋಗ್ರಾಮು ಬರೆಯುವ ಯಾವ ಭಾಷೆಯ ಜೊತೆಗೂ ಸ್ಟ್ಯಾಂಡರ್ಡ್ ಲೈಬ್ರರಿ ಎಂದು ಒಂದು ಬರುತ್ತದೆ. ಹೊಸ ಮನೆ ಹೂಡುವಾಗ ತವರಿನವರು ಒಗ್ಗರಣೆ ಡಬ್ಬಿ ತುಂಬಿಸಿ ಕೊಡುತ್ತಾರಲ್ಲ, ಸಾಸಿವೆ ಜೀರಿಗೆ ಮೆಂತ್ಯ ಎಲ್ಲ, ಹಾಗೆ. ದಿನಬಳಕೆಗೆ ಬೇಕಾದ ಸಣ್ಣಪುಟ್ಟ ಕೆಲಸಗಳೆಲ್ಲ ಅದರಲ್ಲಿ ಮೊದಲೇ ಸಿದ್ಧವಾಗಿರುತ್ತವೆ, ನಾವು ಕೈಹಾಕಿ ತೆಗೆದುಕೊಂಡರೆ ಆಯಿತು. ರಾಹುಕಾಲವೆಂದರೆ ಬೆಳಗಿನ ಆರರಿಂದ ಸಂಜೆ ಆರರವರೆಗಿನ ಹಗಲನ್ನು ಒಂದೂವರೆ ಗಂಟೆಯ ಎಂಟು ತುಂಡು ಮಾಡಿದರೆ ಅದರಲ್ಲೊಂದು ತುಂಡು. ದಿನವನ್ನು ಇಷ್ಟಿಷ್ಟು ಹೊತ್ತಿನ ತುಂಡು ಮಾಡಿ ಕೊಡು ಎಂದರೆ ಕೊಡುವ ಒಂದು ಸೌಕರ್ಯ ಆ ಡಬ್ಬಿಯಲ್ಲೇ ಇತ್ತು. ನಾನೇಕೆ ಕಷ್ಟಪಡಲಿ ಎಂದು ಅದನ್ನೇ ಎತ್ತಿಕೊಂಡೆ. ಸರಿಯಾಗಿದೆಯೇ ಎಂದು ಪರೀಕ್ಷೆಯನ್ನೂ ಮಾಡಿದೆ. ಶುಕ್ರವಾರ ಹನ್ನೊಂದು ಗಂಟೆ ಎಂದು ಕೊಟ್ಟರೆ ರಾಹುಕಾಲ ಅಂದಿತು, ಶನಿವಾರ ಒಂಬತ್ತೂವರೆ ಎಂದರೆ ರಾಹುಕಾಲ ಅಂದಿತು. ಸಾಕಲ್ಲ! ಪರೀಕ್ಷೆ ಮಾಡುವಾಗ ನಡುವಿನದನ್ನಲ್ಲ, ಅಂಚಿನದನ್ನು ನೋಡಿ ಎಂದು ಕ್ಲಾಸಿನಲ್ಲಿ ಮೇಜು ಕುಟ್ಟಿ ಹೇಳುವವಳು ನಾನೇ. ಕ್ಲಾಸು ಬೇರೆ, ಮನೆ ಬೇರೆ.

ಹೀಗಿರುವಾಗ ನನ್ನ ಮೈದುನ ಮಂಜನಿಗೆ ಪಾವಗಡದಿಂದ ಒಂದು ಸಂಬಂಧ ಬಂತು. ಮಂಜ ಬಡವನಹಳ್ಳಿಯ ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾನೆ. ಸುತ್ತಲಿನ ಹಳ್ಳಿಗಳವರು ಅವನನ್ನು ದನದ ಡಾಕ್ಟ್ರು ಎಂದು ಕರೆಯುತ್ತಾರೆ, ಅವನೂ ತಿದ್ದುವುದಿಲ್ಲ. ಎಂಥ ಒದೆಯುವ ಎಮ್ಮೆಯ ಹತ್ತಿರವೂ ಹೆದರದೆ ಹೋಗುತ್ತಾನೆ, ಹೆಣ್ಣು ನೋಡಲು ಕರೆದುಕೊಂಡು ಹೋದರೆ ಮಾತ್ರ ಉಪ್ಪಿಟ್ಟಿನ ತಟ್ಟೆಯಿಂದ ತಲೆ ಎತ್ತುವುದಿಲ್ಲ. ಸಿರಾ ಕಡೆಯ ಒಬ್ಬ ಹುಡುಗಿ, ಇವರು ಮಾತಾಡುತ್ತಾರೋ ಇಲ್ಲವೋ ಎಂದು ನಮ್ಮನ್ನೇ ಕೇಳಿದ್ದಳು. ಮೂವತ್ತು ದಾಟಿದ ಮೇಲೆ ಬರುವ ಸಂಬಂಧಗಳೂ ಕಡಿಮೆಯಾದವು. ಈ ಪಾವಗಡದ ಲಾವಣ್ಯ ಬಿಸಿಎ ಓದಿ ಅಲ್ಲೇ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರು. ಅವರಿವರಿಂದ ನಂಬರು ಸಿಕ್ಕಿ ಇಬ್ಬರೂ ಫೋನಿನಲ್ಲಿ ಮಾತಾಡಿದ್ದರಂತೆ. ಮಂಜ ಅವಳ ಹತ್ತಿರ ಹಸುವಿನ ಕೆಚ್ಚಲುಬಾವಿನ ಬಗ್ಗೆ ಬಹಳ ಹೊತ್ತು ಮಾತಾಡಿದನೆಂದೂ, ಅವಳು ಫೋನ್ ಇಡಲಿಲ್ಲವೆಂದೂ ನನಗೆ ಗುಟ್ಟಾಗಿ ಹೇಳಿದ. ಹೇಳುವಾಗ ಅವನ ಮುಖ ನೋಡಬೇಕಿತ್ತು. ಈ ಹುಡುಗಿ ಕೈತಪ್ಪಿದರೆ ಇವನು ಇನ್ನು ಮದುವೆಯಾಗುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು.

ಶುಕ್ರವಾರ ಹೆಣ್ಣು ನೋಡುವ ಶಾಸ್ತ್ರ. ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ, ಅದಕ್ಕೆ ಮೊದಲೇ ಹೊಸಿಲು ದಾಟಬೇಕು ಎಂದು ಅತ್ತೆಯ ಅಪ್ಪಣೆಯಾಗಿತ್ತು. ಕಾರು ಬಾಗಿಲಲ್ಲಿ ನಿಂತಿತ್ತು. ಅತ್ತೆ ರೇಷ್ಮೆ ಸೀರೆಯಲ್ಲಿ, ಕಪ್ಪು ಕನ್ನಡಕದಲ್ಲಿ, ಹೂವು ಹಣ್ಣಿನ ತಟ್ಟೆ ಹಿಡಿದು ಹೊಸಿಲ ಹತ್ತಿರ ಬಂದರು. ನಾನು ಒಳಗೆ ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಫ್ರಿಜ್ಜಿನ ಮೇಲಿಂದ ನನ್ನದೇ ದನಿ, 'ರಾಹುಕಾಲ ಬಂತು' ಅಂದಿತು. ಅತ್ತೆ ನಿಂತಲ್ಲೇ ನಿಂತರು. ಸೀರೆ ಉಡುವುದಕ್ಕೇ ಅರ್ಧ ದಿನ ಮಾಡುತ್ತೀಯ, ನಿನ್ನಿಂದ ಒಳ್ಳೆ ಹೊತ್ತು ಮೀರಿಹೋಯಿತು ಎಂದು ನನಗೆ ಸಹಸ್ರನಾಮವಾಯಿತು. ಆಗ ನಿಜವಾಗಿ ಗಂಟೆ ಹತ್ತು ಅಷ್ಟೇ. ಆದರೆ ಯಾರೂ ಗಡಿಯಾರ ನೋಡಲಿಲ್ಲ. ನಮ್ಮ ಮನೆಯಲ್ಲಿ ಯಾವುದಕ್ಕೆ ಹೊರಟರೂ ತಡವಾಗಿರುತ್ತದೆ, ಆದ್ದರಿಂದ ತಡವಾಯಿತು ಎಂದು ಯಾರಾದರೂ ಅಂದರೆ ಯಾರೂ ಅನುಮಾನಪಡುವುದಿಲ್ಲ. ನನ್ನ ಗಂಡ ನಾಗರಾಜ್ ಒಬ್ಬರು ಫೋನು ನೋಡಿದರಂತೆ, ಹತ್ತೂ ಎರಡು ಎಂದಿತ್ತಂತೆ. ಮತ್ತೆ ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದರೆ, ನೀನು ಕಂಪ್ಯೂಟರ್ ಓದಿದವಳು, ಸೂರ್ಯೋದಯ ಗೀರ್ಯೋದಯ ಏನೋ ಲೆಕ್ಕ ಹಾಕಿರುತ್ತೀಯ ಅಂದುಕೊಂಡೆ ಅಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಓದಿಗೆ ಬೆಲೆ ಕೊಟ್ಟದ್ದು ಅದೊಂದೇ ಸಲ.

'ರಾಹುಕಾಲ ಹೋಯ್ತು' ಎಂದು ಫೋನು ಹೇಳಿದ ಕೂಡಲೇ ಹೊರಟೆವು. ಮಿಡಿಗೇಶಿ ದಾಟುವಾಗ ಸುಮ್ಮನೆ ಫೋನು ತೆಗೆದು ನೋಡಿದೆ. ಇನ್ನೂ ಹನ್ನೆರಡಾಗಿರಲಿಲ್ಲ. ಹನ್ನೆರಡಕ್ಕೆ ಮುಗಿಯಬೇಕಾದ ರಾಹುಕಾಲ ಮುಗಿದು ನಾವು ಇಷ್ಟು ದೂರ ಬಂದಿದ್ದೇವೆ ಎಂದರೆ, ನಡು ರಾಹುಕಾಲದಲ್ಲಿ ಮನೆ ಬಿಟ್ಟಿದ್ದೇವೆ! ಒಳ್ಳೆಯ ಹೊತ್ತಿನಲ್ಲಿ ಹೊರಟು ನಿಂತವರನ್ನು ತಡೆದು, ಕೂರಿಸಿ, ಕೆಟ್ಟ ಹೊತ್ತಿನಲ್ಲಿ ಕಳಿಸಿಕೊಟ್ಟಿದ್ದೆ ನಾನು. ಪಕ್ಕದಲ್ಲಿ ಅತ್ತೆ ತೃಪ್ತಿಯಿಂದ ಕಣ್ಣುಮುಚ್ಚಿ ಕೂತಿದ್ದರು. ನಾನೂ ಕಣ್ಣು ಮುಚ್ಚಿಕೊಂಡೆ. ಹೇಳಿದರೆ ಕಾರು ತಿರುಗಿಸುತ್ತಾರೆ, ಹೇಳದಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ.

ಯಾರಿಗೆ ಗೊತ್ತಾಯಿತೆಂದರೆ ಲಾವಣ್ಯಳ ಅಜ್ಜಿಗೆ. ಆ ಮನೆಯಲ್ಲಿ ಎಲ್ಲರೂ ಅವರನ್ನು ಅವ್ವ ಎನ್ನುತ್ತಾರೆ, ಅವರ ಮಾತೇ ಕಡೆಯ ಮಾತು. ಪಾವಗಡದ ಕಡೆಯವರಾದ್ದರಿಂದ ಅವರ ಕನ್ನಡ ಅರ್ಧ ದಾರಿಯಲ್ಲಿ ತೆಲುಗಿಗೆ ಹತ್ತಿಕೊಳ್ಳುತ್ತದೆ. ಉಪ್ಪಿಟ್ಟು ಬಂತು, ಹುಡುಗಿ ಬಂದಳು, ಮಂಜ ತಲೆ ಎತ್ತಿದ, ಅವಳು ನಕ್ಕಳು, ಇವನೂ ನಕ್ಕ. ಎಲ್ಲ ಆಗಿಹೋಯಿತು ಎನ್ನುವಾಗ ಅವ್ವ, ಯಾಕೆ ತಡವಾಯಿತು ಎಂದು ವಿಚಾರಿಸಿದರು. ನಮ್ಮತ್ತೆ ಹೆಮ್ಮೆಯಿಂದ, ರಾಹುಕಾಲ ಕಳೆಯಲಿ ಅಂತ ಕಾದು, ಕಳೆದ ತಕ್ಷಣ ಹೊರಟೆವು ಎಂದರು. ಅವ್ವ ಗೋಡೆಯ ಗಡಿಯಾರದ ಕಡೆ ನೋಡಿದರು. ನಾವು ಒಳಗೆ ಬಂದಾಗ ಒಂದು ಹೊಡೆದಿತ್ತು.

"ಶುಕ್ರವಾರ ಹನ್ನೆರಡ್ರ ತಂಕ ರಾಹುಕಾಲಂ ಗದಾ? ಮಧುಗಿರಿಯಿಂದ ಇಲ್ಲಿಗೆ ಒಂದೂವರೆ ಗಂಟೆ ದಾರಿ. ಹಾರ್ಕಂಡು ಬಂದ್ರಾ?"

ಕೂತವರೆಲ್ಲ ಉಪ್ಪಿಟ್ಟು ತಿನ್ನುವುದನ್ನು ನಿಲ್ಲಿಸಿದರು. ಅತ್ತೆಯ ಕಪ್ಪು ಕನ್ನಡಕ ನಿಧಾನವಾಗಿ ನನ್ನ ಕಡೆ ತಿರುಗಿತು. ಅವ್ವ ಕೋಪ ಮಾಡಿಕೊಳ್ಳಲಿಲ್ಲ, ಅದೇ ತೊಂದರೆ. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು, ಆದರೆ ಹೊರಟ ಹೊತ್ತು ಒಳ್ಳೆಯದಲ್ಲ, ಯೋಚನೆ ಮಾಡಿ ಹೇಳುತ್ತೇವೆ ಎಂದು ನಗುನಗುತ್ತ ವೀಳ್ಯ ಕೊಟ್ಟು ಕಳಿಸಿದರು. ಯೋಚನೆ ಮಾಡಿ ಹೇಳುತ್ತೇವೆ ಅಂದರೆ ಏನರ್ಥ ಎಂದು ಹೆಣ್ಣು ನೋಡಲು ಹೋಗಿ ಬಂದವರಿಗೆಲ್ಲ ಗೊತ್ತು. ವಾಪಸು ಬರುವಾಗ ಮಂಜ ಮಧುಗಿರಿ ಬರುವವರೆಗೆ ಕಿಟಕಿಯಾಚೆ ನೋಡುತ್ತ ಕೂತಿದ್ದ.

ಮನೆಗೆ ಬಂದವಳೇ ಸೀರೆಯನ್ನೂ ಬಿಚ್ಚದೆ ಪ್ರೋಗ್ರಾಮು ಬಿಚ್ಚಿ ಕೂತೆ. ಕಳ್ಳ ಸಿಕ್ಕಿದ. ನನ್ನಲ್ಲಲ್ಲ, ಒಗ್ಗರಣೆ ಡಬ್ಬಿಯಲ್ಲಿ. ದಿನವನ್ನು ತುಂಡು ಮಾಡು ಎಂದರೆ ಆ ಪುಣ್ಯಾತ್ಮ ನಮ್ಮ ದಿನವನ್ನು ತುಂಡು ಮಾಡದೆ ಇಂಗ್ಲೆಂಡಿನ ಗ್ರೀನಿಚ್ಚಿನ ದಿನವನ್ನು ತುಂಡು ಮಾಡುತ್ತಿದ್ದ! ಅಲ್ಲಿಗೂ ಇಲ್ಲಿಗೂ ಐದೂವರೆ ಗಂಟೆ ವ್ಯತ್ಯಾಸ. ಅಲ್ಲಿ ಮಧ್ಯರಾತ್ರಿಯಾಗಿ ಅವನು ಮೊದಲ ಗೆರೆ ಎಳೆಯುವಾಗ ನಮಗೆ ಬೆಳಗಿನ ಐದೂವರೆ. ನಮ್ಮ ಗೆರೆ ಬೀಳಬೇಕಾದ್ದು ಆರಕ್ಕೆ. ಮೈಸೂರುಪಾಕಿಗೆ ಮೊದಲ ಗೆರೆ ಅತ್ತಿತ್ತ ಬಿದ್ದರೆ ಮುಂದಿನ ತುಂಡುಗಳೆಲ್ಲ ಅತ್ತಿತ್ತಲೇ. ಹೀಗಾಗಿ ದಿನದ ಪ್ರತಿಯೊಂದು ತುಂಡೂ ಅರ್ಧ ಗಂಟೆ ಮುಂಚೆ ಶುರುವಾಗಿ ಅರ್ಧ ಗಂಟೆ ಮುಂಚೆ ಮುಗಿಯುತ್ತಿತ್ತು. ಅತ್ತೆಗೆ ಇದನ್ನೆಲ್ಲ ಬಿಡಿಸಿ ಹೇಳಿ, ತಪ್ಪು ನನ್ನದಲ್ಲ, ಆ ಭಾಷೆ ಮಾಡಿದವರದು ಎಂದೆ. ಅತ್ತೆ ಒಂದೇ ಮಾತಿಗೆ ಬಂದರು.

"ಅಂಗಾದ್ರೆ ಅವ್ರು ಒಪ್ಕಳ್ಳಿ. ನಮ್ದು ತಪ್ಪು ಅಂತ ಅವ್ರ ಬಾಯಲ್ಲಿ ಬರ್ಲಿ. ನಾನು ಪಾವಗಡಕ್ಕೋಗಿ ಅವ್ವಂಗೆ ಹೇಳ್ತೀನಿ, ನಮ್ಮನೇರು ಬೇಕಂತ ಹೊಂಟಿದ್ದಲ್ಲ ಅಂತ. ಇಲ್ದಿದ್ರೆ ಯಾವ ಮುಖ ಇಟ್ಕಂಡು ಫೋನ್ ಮಾಡ್ಲಿ?"

ಆ ಭಾಷೆಯನ್ನು ನೋಡಿಕೊಳ್ಳುವವರು ಲೋಕದ ನಾಲ್ಕಾರು ಕಡೆ ಚದುರಿದ್ದಾರೆ. ದೂರು ಹೇಳಿಕೊಳ್ಳಲು ಇಂಟರ್ನೆಟ್ಟಿನಲ್ಲಿ ಒಂದು ಪುಟವಿದೆ, ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ಓದಬಹುದು. ನಾನು ನಮ್ಮ ಪದ್ಧತಿಯಂತೆ ಬರೆದೆ. ನೇರವಾಗಿ ತಪ್ಪಿಗೇ ಕೈಹಾಕುವುದು ಒರಟಾಗುತ್ತದೆಂದು ಮೊದಲು ಕ್ಷೇಮ ವಿಚಾರಿಸಿ, ಅವರ ಭಾಷೆಯಿಂದ ನಮಗೆ ಆಗಿರುವ ಉಪಕಾರ ನೆನೆದು, ಅತ್ತೆಯ ಕಣ್ಣಿನ ಪೊರೆ, ಮಂಜನ ವಯಸ್ಸು, ರಾಹುವಿನ ಸ್ವಭಾವ, ಮಧುಗಿರಿ ಪಾವಗಡದ ದೂರ ಎಲ್ಲ ವಿವರಿಸಿ, ಕೊನೆಯಲ್ಲಿ ದಯಮಾಡಿ ಇದನ್ನು ಬಗ್ ಎಂದು ಒಪ್ಪಿಕೊಳ್ಳಬೇಕಾಗಿ ವಿನಂತಿ ಎಂದು ಮುಗಿಸಿದೆ. ಅತ್ತೆಗೆ ಓದಿ ಹೇಳಿದಾಗ, ಚೆನ್ನಾಗಿ ಬರ್ದಿದ್ದೀಯ, ಕಲ್ಲೂ ಕರಗ್ತದೆ ಅಂದರು. ಆ ಕಡೆಯಿಂದ ಒಬ್ಬರು ಉತ್ತರ ಕೊಟ್ಟರು. ತಮ್ಮ ಫೋಟೋದ ಜಾಗದಲ್ಲಿ ತೂಕಡಿಸುವ ಬೆಕ್ಕಿನ ಚಿತ್ರ ಹಾಕಿಕೊಂಡವರು, ಹೆಸರು ಗೊತ್ತಿಲ್ಲದ್ದರಿಂದ ನಮ್ಮನೆಯಲ್ಲಿ ಅವರಿಗೆ ಬೆಕ್ಕಪ್ಪ ಎಂದೇ ಹೆಸರಾಯಿತು. ಬೆಕ್ಕಪ್ಪ ಬಹಳ ವಿನಯವಾಗಿ, ನಿಮ್ಮ ಕುಟುಂಬಕ್ಕೆ ಒಳ್ಳೆಯದಾಗಲಿ, ಆದರೆ ಬೇಡದ್ದನ್ನೆಲ್ಲ ತೆಗೆದು ತಪ್ಪು ಮಾತ್ರ ಕಾಣುವ ಹಾಗೆ ಒಂದು ಚಿಕ್ಕ ಉದಾಹರಣೆ ಕೊಡಿ ಎಂದರು. ಬೇಡದ್ದನ್ನೆಲ್ಲ ತೆಗೆಯುತ್ತ ಹೋದೆ. ಕಣ್ಣಿನ ಪೊರೆ ಹೋಯಿತು, ಅತ್ತೆ ಹೋದರು, ಮಂಜ ಹೋದ, ರಾಹುವೂ ಹೋದ. ನನ್ನ ಸಂಸಾರವನ್ನೆಲ್ಲ ತೆಗೆದ ಮೇಲೆ ಐದು ಸಾಲು ಉಳಿಯಿತು. ಅದನ್ನೇ ಕಳಿಸಿದೆ.

ಬೆಕ್ಕಪ್ಪ ನೋಡಿ, ವಂದನೆಗಳು, ಆದರೆ ಇದು ಬಗ್ ಅಲ್ಲ, ನಮ್ಮ ಕೈಪಿಡಿಯಲ್ಲಿ ಹೇಳಿದಂತೆಯೇ ಕೆಲಸ ಮಾಡುತ್ತಿದೆ ಎಂದು ಬರೆದರು. ಕೈಪಿಡಿ ತೆಗೆದು ನೋಡಿದರೆ ಹೌದು, ಮೂಲೆಯಲ್ಲಿ ಒಂದು ವಾಕ್ಯವಿದೆ. ಅದನ್ನು ಓದಿ ಇದು ಪಾವಗಡದ ಸಂಬಂಧಕ್ಕೆ ಅಡ್ಡ ಬರುತ್ತದೆ ಎಂದು ಯಾರಿಗೆ ಹೊಳೆಯಬೇಕು! ನಾನು ಬಿಡಲಿಲ್ಲ. ಗಂಟೆ ಗಂಟೆಯ ವ್ಯತ್ಯಾಸವಿರುವ ದೇಶದವರಿಗೆ ಈ ಕಷ್ಟ ಅಷ್ಟಾಗಿ ಕಾಣುವುದಿಲ್ಲ, ಅರ್ಧ ಗಂಟೆಯವರ ಗತಿಯೇನು ಎಂದು ಕೇಳಿದೆ. ಆಗ ಎಲ್ಲೆಲ್ಲಿಂದಲೋ ಬಂಧುಗಳು ಹೊರಟುಬಂದರು. ನಮ್ಮದೂ ಅರ್ಧ ಗಂಟೆಯೇ ತಾಯಿ ಎಂದು ರಂಗೂನಿನವರೊಬ್ಬರು, ನಮ್ಮದೂ ಎಂದು ಆಸ್ಟ್ರೇಲಿಯಾದ ಅಡಿಲೇಡಿನವರೊಬ್ಬರು. ಕಠ್ಮಂಡುವಿನವರು, ನಮ್ಮದು ಮುಕ್ಕಾಲು ಗಂಟೆ, ನೀವೇ ಪುಣ್ಯವಂತರು ಎಂದು ಅತ್ತುಕೊಂಡರು. ಇಷ್ಟೊಂದು ಜನ ಒಂದೇ ನೋವಿನವರು ಲೋಕದಲ್ಲಿದ್ದೇವೆಂದು ನನಗೆ ಗೊತ್ತೇ ಇರಲಿಲ್ಲ. ಅತ್ತೆ ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, ಬೆಕ್ಕಪ್ಪ ಒಪ್ಕಂಡನಾ ಎಂದು ಕೇಳುತ್ತಿದ್ದರು. ಮಂಜ ಏನೂ ಕೇಳುತ್ತಿರಲಿಲ್ಲ, ಆದರೆ ಅಲ್ಲೇ ನಿಂತಿರುತ್ತಿದ್ದ.

ನಾನು ಕೆಡಿಸಿದ್ದು ಇಲ್ಲೇ. ನಮ್ಮ ಕಡೆ ದೂರು ಹೇಳಲು ಯಾರೂ ಒಬ್ಬರೇ ಹೋಗುವುದಿಲ್ಲ. ನೀರು ಬಂದಿಲ್ಲ ಎಂದು ಹೇಳಬೇಕಾದರೂ ಬೀದಿಯ ಹತ್ತು ಜನರನ್ನು ಹೊರಡಿಸಿಕೊಂಡು ಹೋಗುತ್ತೇವೆ. ಒಬ್ಬರು ಮಾತಾಡುತ್ತಾರೆ, ಮಿಕ್ಕವರು ಹಿಂದೆ ನಿಂತು ಹೌದು ಹೌದು ಅನ್ನುತ್ತಾರೆ. ಹಿಂದೆ ಜನವಿಲ್ಲದ ದೂರಿಗೆ ನಮ್ಮಲ್ಲಿ ಕಿಮ್ಮತ್ತಿಲ್ಲ. ಅದೇ ಅಭ್ಯಾಸಬಲದಿಂದ ನಾನು ಕ್ಲಾಸಿನಲ್ಲಿ ಈ ಕಥೆ ಹೇಳಿ, ನಿಮಗೂ ನ್ಯಾಯ ಅನ್ನಿಸಿದರೆ ಒಂದು ಮಾತು ಬರೆಯಿರಿ ಅಂದೆ. ಮಕ್ಕಳಿಗೆ ಅಷ್ಟು ಸಾಕಾಯಿತು. 'ನಮ್ಮ ಮೇಡಂ ಹೇಳಿದ್ದೇ ಸರಿ', 'ಕೊರಟಗೆರೆಯಿಂದ ಬೆಂಬಲ', 'ಸಿರಾದಿಂದಲೂ ಬೆಂಬಲ', 'ಬಗ್ ಒಪ್ಪಿಕೊಳ್ಳಿ' ಎಂದು ಸಾಲುಸಾಲಾಗಿ ಬರೆದರು. ಅವರ ಅಣ್ಣತಮ್ಮಂದಿರು ಬರೆದರು, ಕಾರಣವೇನೆಂದು ಗೊತ್ತಿಲ್ಲದ ಸ್ನೇಹಿತರು ಬರೆದರು. ಒಬ್ಬ ಮಹಾರಾಯ ಮಧುಗಿರಿ ಬೆಟ್ಟದ ಫೋಟೋ ಹಾಕಿ ಕೈಮುಗಿದಿದ್ದ. ಇದನ್ನೆಲ್ಲ ನೋಡಿ ನನಗೆ ಕಣ್ಣು ತುಂಬಿಬಂತು. ಬೆಕ್ಕಪ್ಪನಿಗೆ ಏನು ತುಂಬಿಬಂತೋ ಕಾಣೆ, ಚರ್ಚೆ ಹಳಿ ತಪ್ಪಿದೆ ಎಂದು ಆ ಪುಟಕ್ಕೆ ಬೀಗ ಹಾಕಿಬಿಟ್ಟರು. ಇನ್ನು ಯಾರೂ ಅಲ್ಲಿ ಒಂದಕ್ಷರ ಬರೆಯುವಂತಿಲ್ಲ.

ಬೀಗದ ಕೆಳಗೆ ಅವರ ತೀರ್ಪು ಇತ್ತು. ಇದು ಮೊದಲಿನಿಂದಲೂ ಹೀಗೇ ಇದೆ. ಇದನ್ನೇ ನಂಬಿಕೊಂಡು ಬಹಳ ಜನ ಬಹಳ ಪ್ರೋಗ್ರಾಮು ಬರೆದುಕೊಂಡಿದ್ದಾರೆ, ಈಗ ಬದಲಾಯಿಸಿದರೆ ಅವೆಲ್ಲ ಕೆಡುತ್ತವೆ. ಆದ್ದರಿಂದ ಬದಲಾಯಿಸುವುದಿಲ್ಲ. ಅರ್ಧ ಗಂಟೆಯ ದೇಶದವರು ಎಚ್ಚರವಾಗಿರಲಿ ಎಂದು ಕೈಪಿಡಿಯಲ್ಲಿ ಒಂದು ಸಾಲು ಸೇರಿಸುತ್ತೇವೆ. ನಾನು ಹಲ್ಲು ಕಡಿಯುತ್ತ ಇದನ್ನು ಕನ್ನಡಕ್ಕೆ ತಿರುಗಿಸಿ ಅತ್ತೆಗೆ ಹೇಳಿದೆ. ಅವರೂ ನನ್ನ ಜೊತೆ ಸೇರಿ ಬಯ್ಯುತ್ತಾರೆಂದು ಕಾದರೆ, ಅತ್ತೆ ತಲೆದೂಗಿದರು. ಬೆಕ್ಕಪ್ಪ ತಿಳಿದವನು ಕಣಮ್ಮ, ಮೊದಲಿಂದ ನಡ್ಕಂಡು ಬಂದಿದ್ದನ್ನ ಒಬ್ಬರ ಮನೆ ಮದುವೆಗೋಸ್ಕರ ತಿದ್ದಕ್ಕಾಯ್ತದಾ, ನಾನು ರಾಹುಕಾಲದ ವಿಷಯದಲ್ಲಿ ನಿಂಗೆ ಇಷ್ಟು ವರ್ಷ ಹೇಳಿದ್ದೂ ಇದನ್ನೇ ಅಲ್ವಾ ಅಂದರು. ನಾನು ಬ್ಯಾಗು ಅಲ್ಲೇ ಬಿಸಾಕಿ ಒಳಗೆ ಹೋದೆ.

ಆದರೂ ಅತ್ತೆ ದೊಡ್ಡ ಮನಸ್ಸಿನವರು. ಒಪ್ಪಿಗೆ ಸಿಗದಿದ್ದರೂ ಇದ್ದದ್ದನ್ನು ಇದ್ದಂತೆ ಹೇಳೋಣ ಎಂದು ಭಾನುವಾರ ಬೆಳಿಗ್ಗೆಯೇ ನಮ್ಮನ್ನು ಪಾವಗಡಕ್ಕೆ ಹೊರಡಿಸಿದರು. ಅಲ್ಲಿ ಅವ್ವನ ಮುಂದೆ ನಾನು ಗ್ರೀನಿಚ್ಚಿನಿಂದ ಶುರುಮಾಡಿ ಬೆಕ್ಕಪ್ಪನ ಬೀಗದವರೆಗೆ ಎಲ್ಲ ಹೇಳಿದೆ. ಅವ್ವ ಸಾವಧಾನವಾಗಿ ಕೇಳಿ, ತಪ್ಪು ಯಾರದಾದರೂ ಆಗಲಿ ಸ್ವಾಮಿ, ಹೊರಟಿದ್ದು ರಾಹುಕಾಲಂಲೋನೇ ಗದಾ ಎಂದರು. ಮುಗಿಯಿತು ಎಂದುಕೊಂಡೆ. ಮಂಜ ಎದ್ದು ನಿಲ್ಲಲು ಹೋದ. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಲಾವಣ್ಯ ಮುಂದೆ ಬಂದಳು. ಅಷ್ಟು ಹೊತ್ತೂ ನನ್ನ ವಿವರಣೆಯನ್ನು ಅವಳೊಬ್ಬಳೇ ಹುಬ್ಬುಗಂಟಿಕ್ಕಿ ಕೇಳುತ್ತಿದ್ದಳು. ನನ್ನನ್ನಲ್ಲ, ಅತ್ತೆಯನ್ನಲ್ಲ, ನೆಟ್ಟಗೆ ಮಂಜನನ್ನೇ ಕೇಳಿದಳು.

"ಅವ್ರೆಲ್ಲ ಇರ್ಲಿ. ಅವತ್ತು ನೀವು ಹೊಸಿಲು ದಾಟಿದ್ದು ಎಷ್ಟೊತ್ತಿಗೆ?"

ಮಂಜನ ಮುಖ ಕೆಂಪಾಯಿತು. ಬಾಯಿ ಬಿಡಿಸುವುದೇ ಕಷ್ಟವಾಯಿತು. ಕೊನೆಗೆ ಹೊರಬಿದ್ದದ್ದು ಇಷ್ಟು. ಹೊಸ ಶರಟು ಬೆವರಿಗೆ ಕೆಡುತ್ತದೆಂದು ಅವನು ಹತ್ತಕ್ಕೆ ಮೊದಲೇ ಹೋಗಿ ಕಾರಿನಲ್ಲಿ ಏಸಿ ಹಾಕಿಕೊಂಡು ಕೂತಿದ್ದನಂತೆ. ರಾಹುಕಾಲ ಬಂತೆಂದು ನಾವೆಲ್ಲ ಹಿಂದಕ್ಕೆ ಹೋದಾಗ ಅವನು ಇಳಿಯಲೇ ಇಲ್ಲವಂತೆ, ಅಷ್ಟರಲ್ಲಿ ಸೀಟು ಬೆಲ್ಟು ಹಾಕಿಕೊಂಡು ನಿದ್ದೆ ಹೋಗಿದ್ದನಂತೆ. ಕಣ್ಣು ಕಾಣದ ಅತ್ತೆ ಅವನು ಒಳಗೆ ರೂಮಿನಲ್ಲಿದ್ದಾನೆ ಎಂದುಕೊಂಡಿದ್ದರು, ನಾವು ಹೊರಟಾಗ ಅವನು ಎಲ್ಲರಿಗಿಂತ ಮೊದಲು ಬಂದು ಕೂತಿದ್ದಾನೆ ಎಂದುಕೊಂಡಿದ್ದೆವು. ಲಾವಣ್ಯ ಅಜ್ಜಿಯ ಕಡೆ ತಿರುಗಿದಳು. ಅವ್ವ ಮೊಮ್ಮಗಳ ಮುಖ ನೋಡಿ, ಬಾಯಲ್ಲಿದ್ದ ಎಲೆಯಡಿಕೆ ಪಕ್ಕಕ್ಕೆ ಸರಿಸಿದರು.

"ಪಿಲ್ಲೋಡು ಮಂಚಿ ಟೈಮಿಗೇ ಹೊಸಿಲು ದಾಟವ್ನೆ ಬುಡು. ಮಿಕ್ಕಿದೋರೆಲ್ಲ ಲಗೇಜು."

ಹೀಗೆ ನನ್ನನ್ನು, ನನ್ನ ಗಂಡನನ್ನು, ರೇಷ್ಮೆ ಸೀರೆಯ ನಮ್ಮತ್ತೆಯನ್ನು ಸಾಮಾನಿನ ಲೆಕ್ಕಕ್ಕೆ ಸೇರಿಸಿ ಮದುವೆ ಗೊತ್ತುಮಾಡಿದರು. ನನಗೇನೂ ಬೇಜಾರಾಗಲಿಲ್ಲ. ಸಂತೋಷಕ್ಕೆ ಒಂದು ಉಂಡೆ ಜಾಸ್ತಿಯೇ ತಿಂದೆ. ಆದರೆ ಆ ಹುಡುಗಿ ಬೇಡದ್ದನ್ನೆಲ್ಲ ತೆಗೆದು ಉಳಿಸಿಕೊಂಡ ಒಂದು ಪ್ರಶ್ನೆಯನ್ನು ನಾನು ಮೊದಲ ದಿನವೇ ಕೇಳಿದ್ದರೆ ಅಡಿಲೇಡಿನವರೆಗೆ ಹೋಗುವುದೇ ಬೇಕಿರಲಿಲ್ಲವಲ್ಲ ಎಂದು ಮಾತ್ರ ಹೊಟ್ಟೆ ಉರಿಯಿತು.

ಮದುವೆ ಮುಗಿದು ಲಾವಣ್ಯ ಮನೆಗೆ ಬಂದಳು. ಅಷ್ಟರಲ್ಲಿ ನಮ್ಮ ಫ್ರಿಜ್ಜಿನ ಮೇಲೂ ಒಂದು ಪ್ರಕರಣ ನಡೆದುಹೋಗಿತ್ತು. ನಾನು ಡಬ್ಬಿಯ ಸೌಕರ್ಯ ಕಿತ್ತುಹಾಕಿ, ನನ್ನದೇ ಲೆಕ್ಕ ಬರೆದು, ಫೋನು ಸರಿಯಾದ ಹೊತ್ತಿಗೆ ಕೂಗುವಂತೆ ಮಾಡಿದ್ದೆ. ಅಷ್ಟರಲ್ಲಿ ಕಪ್ಪು ಕನ್ನಡಕ ತೆಗೆದಿಟ್ಟಿದ್ದ ಅತ್ತೆಗೆ ಅದು ಹಿಡಿಸಲಿಲ್ಲ. ಮೊದಲಾದರೆ ಅರ್ಧ ಗಂಟೆ ಮುಂಚೆ ಎಚ್ಚರಿಸುತ್ತಿತ್ತು, ಕೈಲಿದ್ದ ಕೆಲಸ ಮುಗಿಸಿಕೊಳ್ಳಲು ಹೊತ್ತಿರುತ್ತಿತ್ತು, ಮುಗಿಯುವುದನ್ನು ಹೇಗೂ ಈಗ ಕಣ್ಣಾರೆ ಗಡಿಯಾರ ನೋಡಿ ತಿಳಿಯುತ್ತೇನೆ, ಮೊದಲಿನಂತೆಯೇ ಮಾಡಿಕೊಡು ಎಂದು ಹಟ ಹಿಡಿದರು. ಹೊಸ ಲೆಕ್ಕ ತೆಗೆದು ಹಳೆಯದನ್ನೇ ಹಾಕಿದೆ. ಮನೆ ತಣ್ಣಗಾಯಿತು.

ಒಂದು ದಿನ ಲಾವಣ್ಯ ಫ್ರಿಜ್ಜಿನಿಂದ ಹಾಲು ತೆಗೆಯುವಾಗ ಫೋನು ಕೂಗಿತು. ಅವಳು ಗಡಿಯಾರ ನೋಡಿ, ಅಕ್ಕಾ, ಇದನ್ನಿನ್ನೂ ಸರಿಮಾಡಿಲ್ವಾ ಎಂದಳು. ನಾನು ಬೀನ್ಸು ಹೆಚ್ಚುತ್ತಿದ್ದವಳು ತಲೆ ಎತ್ತದೆ, ಅದು ಹಂಗೇ ಇರೋದು ಕಣಮ್ಮ, ಅತ್ತೆ ಅದಕ್ಕೇ ಒಗ್ಗಿಕೊಂಡಿದ್ದಾರೆ, ಈಗ ಬದಲಾಯಿಸಿದರೆ ಎಲ್ಲ ಕೆಡುತ್ತದೆ ಅಂದೆ. ಅಂದ ಮೇಲೆ ಈ ಮಾತು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ತಪ್ಪು ತಪ್ಪೇ ಅಲ್ವಾ ಅಕ್ಕ ಎಂದು ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. ಬೇಕಾದರೆ ಗೊತ್ತಿಲ್ಲದವರಿಗೆ ತಿಳಿಯಲಿ ಅಂತ ಪಕ್ಕದಲ್ಲಿ ಒಂದು ಚೀಟಿ ಅಂಟಿಸುತ್ತೇನೆ ಎಂದೆ. ಅವಳು ಬಿಡುವವಳೇ? ನಡುಮನೆಗೆ ಹೋಗಿ ಮಂಜನನ್ನು ಕರೆತಂದಳು. ಮಂಜ, ಲಾವಣ್ಯ ಹೇಳೋದೇ ಸರಿ ಅತ್ತಿಗೆ ಅಂದ. ನನ್ನ ಗಂಡ ಪೇಪರು ಮಡಿಸಿಟ್ಟು ಬಂದು ಹೌದು ಹೌದು ಅಂದರು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ, ಏನಂತೆ ಏನಂತೆ ಎನ್ನುತ್ತ ಕತ್ತು ಚಾಚಿದರು. ನಾನು ಎಲ್ಲರನ್ನೂ ವಿನಯವಾಗಿ ಹೊರಗೆ ಕಳಿಸಿ, ಅಡುಗೆಮನೆಯ ಬಾಗಿಲು ಹಾಕಿ ಚಿಲಕ ಹಾಕಿಕೊಂಡೆ.